28 ಮೀಟರಿನ ದಮ್ಮು



ಕಲಬುರಗಿಯಲ್ಲಿ ವಿಭಾಗ ಮಟ್ಟದ ಶಾಲಾ ಪಂದ್ಯಾವಳಿ. ಬ್ಯಾಸ್ಕೆಟ್‌ಬಾಲ್ ಅಂಕಣದ ಅಂಚಿನಲ್ಲಿ ನಿಂತಿದ್ದೇನೆ. ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿರುವ ಒಂದು ಪ್ರೌಢಶಾಲೆಯ ದೈಹಿಕ ಶಿಕ್ಷಕ ನಾನು. ಮೊದಲ ಕ್ವಾರ್ಟರ್ ಮುಗಿದಾಗ ನಮ್ಮ ಹುಡುಗಿಯರು ನಾಲ್ಕು ಪಾಯಿಂಟ್ ಮುಂದಿದ್ದರು. ಕೈಚಳಕದಲ್ಲಿ ಅವರು ಯಾರಿಗೂ ಕಡಿಮೆ ಇರಲಿಲ್ಲ. ಎರಡನೇ ಕ್ವಾರ್ಟರಿನ ನಡುವೆ ಎದುರಿನವರು ಚೆಂಡು ಕಸಿದುಕೊಂಡು ನಮ್ಮ ರಿಂಗಿನ ಕಡೆ ನುಗ್ಗಿದರು. ಬೆನ್ನಟ್ಟಿ ಬರಬೇಕಾದ ನಮ್ಮ ಐವರಲ್ಲಿ ಮೂವರು ನಡುಗೆರೆಯನ್ನೇ ದಾಟಲಿಲ್ಲ. ಒಬ್ಬಳು ಪಕ್ಕೆ ಹಿಡಿದುಕೊಂಡು ನಿಂತಳು. ಇನ್ನೊಬ್ಬಳು ಬಾಯಿ ತೆರೆದು ತೇಕುತ್ತಿದ್ದಳು. ಟೈಮ್‌ಔಟ್ ಕೇಳಿ ಹತ್ತಿರ ಕರೆದೆ. ಕ್ಯಾಪ್ಟನ್ ಹುಡುಗಿ ಹೇಳಿದ್ದು ಒಂದೇ ಮಾತು: "ದಮ್ ಹತ್ತೇದ್ರಿ ಸರ್."

ಆ ಪಂದ್ಯ ಸೋತೆವು. ಅವತ್ತು ರಾತ್ರಿ ಬಸ್ಸಿನಲ್ಲಿ ವಾಪಸ್ ಬರುವಾಗ ತಿಂಥಣಿ ಬ್ರಿಜ್ ದಾಟುವ ತನಕ ಯಾರೂ ಮಾತಾಡಲಿಲ್ಲ. ಇಬ್ಬರಿಗೆ ಮೀನಖಂಡ ಹಿಡಿದುಕೊಂಡು ಕಾಲು ಚಾಚಲು ಆಗುತ್ತಿರಲಿಲ್ಲ. ಕಿಟಕಿಯ ಪಕ್ಕ ಕೂತ ನನಗೆ ಒಂದೇ ಪ್ರಶ್ನೆ. ಹೊಲದ ಕೆಲಸ ಮಾಡುವ, ದಿನಾ ಮೂರು ನಾಲ್ಕು ಕಿಲೋಮೀಟರ್ ನಡೆದು ಶಾಲೆಗೆ ಬರುವ, ಭತ್ತದ ನಾಟಿಗೆ ದಿನವಿಡೀ ಬಾಗಿ ನಿಲ್ಲಬಲ್ಲ ಈ ಮಕ್ಕಳಿಗೆ ದಮ್ಮು ಇಲ್ಲ ಅಂದರೆ ಹೇಗೆ?

ಉತ್ತರ ನಮ್ಮ ಶಾಲೆಯ ಅಂಗಳದಲ್ಲೇ ಇತ್ತು. ಅಲ್ಲಿ ಇದ್ದದ್ದು ಒಂದೇ ಕಂಬ, ಒಂದೇ ಬೋರ್ಡು, ಒಂದೇ ರಿಂಗು. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ನಾನು ಓಡಾಡಿ ಕಂಡ ಶಾಲೆಗಳಲ್ಲಿ ಹಲವು ಕಡೆ ಇದೇ ಪರಿಸ್ಥಿತಿ. ಇದ್ದರೆ ಒಂದು ರಿಂಗು, ಅದರ ಮುಂದೆ ಹತ್ತು ಹನ್ನೆರಡು ಮೀಟರ್ ಸಿಮೆಂಟ್ ನೆಲ, ಅದರಾಚೆ ಜಾಲಿ. ಹೀಗಾಗಿ ನಮ್ಮ ಮಕ್ಕಳು ಆಡುವುದೆಲ್ಲ ಅರ್ಧ ಅಂಕಣದ ಆಟ. ಚೆಂಡು ಎದುರಿನವರ ಕೈಗೆ ಹೋದರೆ ಅವರು ಅದನ್ನು ಕಮಾನಿನ ಗೆರೆಯ ಆಚೆ ಒಯ್ದು ಮತ್ತೆ ಅದೇ ರಿಂಗಿಗೆ ಬರುತ್ತಾರೆ. ಅಷ್ಟು ಹೊತ್ತು ನಮ್ಮವರಿಗೆ ಬಿಡುವು. ಪೂರ್ತಿ ಅಂಕಣದಲ್ಲಿ ಆ ಬಿಡುವು ಇಲ್ಲ. ಚೆಂಡು ಕಳೆದುಕೊಂಡ ಗಳಿಗೆಯಲ್ಲೇ ಹಿಂದೆ ತಿರುಗಿ 28 ಮೀಟರ್ ಓಡಬೇಕು. ಹಾಗೆ ತಿರುಗಿ ಓಡುವ ಓಟವನ್ನು ನಾನು ಆ ಮಕ್ಕಳಿಗೆ ಒಂದು ದಿನವೂ ಓಡಿಸಿರಲಿಲ್ಲ.

ಅಂಕಣದ ಅಳತೆ 28 ಮೀಟರ್ ಉದ್ದ, 15 ಮೀಟರ್ ಅಗಲ. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ಚೆಂಡು ಸಿಕ್ಕ ತಂಡ 8 ಸೆಕೆಂಡಿನಲ್ಲಿ ನಡುಗೆರೆ ದಾಟಬೇಕು, 24 ಸೆಕೆಂಡಿನಲ್ಲಿ ರಿಂಗಿಗೆ ಎಸೆಯಬೇಕು. ನಿಯಮವೇ ಆಟಗಾರರನ್ನು ನಿಲ್ಲಲು ಬಿಡುವುದಿಲ್ಲ. 1995ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಲೀಗಿನ ಆಟಗಾರರ ಓಡಾಟವನ್ನು ಅಭ್ಯಾಸ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ಒಬ್ಬ ಆಟಗಾರ ಒಂದು ಪಂದ್ಯದಲ್ಲಿ ಸುಮಾರು ಒಂದು ಸಾವಿರ ಸಲ ಚಲನೆ ಬದಲಿಸುತ್ತಾನೆ ಎಂದು ಅದರಲ್ಲಿ ಕಂಡುಬಂತು. ಅಂದರೆ ಹೆಚ್ಚು ಕಡಿಮೆ ಎರಡು ಸೆಕೆಂಡಿಗೊಮ್ಮೆ ನಡಿಗೆಯಿಂದ ಓಟ, ಓಟದಿಂದ ಜಿಗಿತ, ಜಿಗಿತದಿಂದ ಅಡ್ಡ ಜಾರು ಹೆಜ್ಜೆ. ನಾಟಿ ಹಚ್ಚುವ ದಮ್ಮು ಬೇರೆ, ಈ ದಮ್ಮು ಬೇರೆ. ಒಂದೇ ಸಮನೆ ದಿನವಿಡೀ ದುಡಿಯುವ ಮೈಗೆ ಎರಡು ಸೆಕೆಂಡಿಗೊಮ್ಮೆ ಬದಲಾಗುವ ಕೆಲಸ ಹೊಸದು. ಅದನ್ನು ಕಲಿಸಬೇಕು.

ನಮ್ಮ ಹಳೆಯ ಮನೆಗಳಲ್ಲಿ ಜೋಳ ತುಂಬುವ ಹಗೇವು ಇರುತ್ತಿತ್ತು. ಅಡಿಗೆ ಮನೆಯಲ್ಲಿ ಒಂದು ಸಣ್ಣ ಡಬ್ಬಿ. ಅವ್ವ ರೊಟ್ಟಿಗೆ ಕೂತಾಗ ಕೈ ಹೋಗುವುದು ಡಬ್ಬಿಗೆ. ಅದು ಖಾಲಿಯಾದರೆ ಹಗೇವಿನಿಂದ ಕಾಳು ತೆಗೆದು, ಬೀಸಿ, ತುಂಬಬೇಕು. ನಮ್ಮ ಸ್ನಾಯುಗಳಲ್ಲೂ ಇಂಥದೇ ಏರ್ಪಾಡು ಇದೆ. ಕ್ರಿಯೇಟಿನ್ ಫಾಸ್ಫೇಟ್ ಎಂಬ ಇಂಧನ ಆ ಸಣ್ಣ ಡಬ್ಬಿ. ಜೋರಾಗಿ ಒಂದು ಓಟ ಕಿತ್ತರೆ ಆರರಿಂದ ಹತ್ತು ಸೆಕೆಂಡಿನಲ್ಲಿ ಅದರ ತಳ ಕಾಣುತ್ತದೆ. ಮತ್ತೆ ತುಂಬಲು ಆಮ್ಲಜನಕ ಬೇಕು. ಸುಮಾರು ಅರ್ಧ ನಿಮಿಷ ಸಿಕ್ಕರೆ ಅರ್ಧ ತುಂಬುತ್ತದೆ, ಪೂರ್ತಿ ತುಂಬಲು ಮೂರರಿಂದ ಐದು ನಿಮಿಷ. ಆಟದಲ್ಲಿ ಐದು ನಿಮಿಷ ಯಾರು ಕೊಡುತ್ತಾರೆ? ಹಾಗಾಗಿ ಬೇಗ ತುಂಬಿಸಿಕೊಳ್ಳುವ ಮೈಯನ್ನೇ ಬೆಳೆಸಬೇಕು. ಬ್ಯಾಸ್ಕೆಟ್‌ಬಾಲಿನಲ್ಲಿ ದಮ್ಮು ಅಂದರೆ ಎಷ್ಟು ಓಡಿದೆ ಅನ್ನುವುದಕ್ಕಿಂತ ಓಡಿದ ಮೇಲೆ ಎಷ್ಟು ಬೇಗ ಸುಧಾರಿಸಿಕೊಂಡೆ ಅನ್ನುವ ಲೆಕ್ಕ.

ಇದನ್ನು ನನಗೆ ಕಣ್ಣಿಗೆ ಕಟ್ಟುವಂತೆ ತೋರಿಸಿದವರು ಸಿಂಧನೂರಿನ ಅಕ್ಕಿ ಗಿರಣಿಯ ಹಮಾಲರು. ಚೀಲ ಬೆನ್ನಿಗೇರಿಸಿ ಹಲಗೆಯ ಮೇಲೆ ಲಾರಿ ಹತ್ತುವಾಗ ಹಮಾಲನ ಹೆಜ್ಜೆ ಚುರುಕು, ಉಸಿರು ಬಿಗಿ. ಚೀಲ ಇಳಿಸಿ ವಾಪಸ್ ಬರುವಾಗ ನೋಡಿ. ಭುಜ ಸಡಿಲ, ಕೈ ಜೋತಾಡುತ್ತವೆ, ಉಸಿರು ಹೊಟ್ಟೆಯ ತನಕ ಇಳಿಯುತ್ತದೆ. ಆ ಇಪ್ಪತ್ತು ಹೆಜ್ಜೆಯ ಬಿಡುವಿನಲ್ಲೇ ಅವನು ಮುಂದಿನ ಚೀಲಕ್ಕೆ ತಯಾರು. ಯಾವ ಪುಸ್ತಕವನ್ನೂ ಓದದೆ ಕಲಿತ ವಿದ್ಯೆ ಅದು. ಒಂದು ಶನಿವಾರ ಮಧ್ಯಾಹ್ನ ನಮ್ಮ ಹುಡುಗಿಯರನ್ನು ಅಲ್ಲಿಗೇ ಕರೆದೊಯ್ದು ಅರ್ಧ ಗಂಟೆ ನಿಲ್ಲಿಸಿ ತೋರಿಸಿದೆ. ವಯಸ್ಸಾದ ಹಮಾಲರೊಬ್ಬರು ನಮ್ಮನ್ನು ನೋಡಿ, "ಯಾಕ್ರಿ ಮಾಸ್ತರ್ರ, ಮಕ್ಕಳಿಗೆ ಚೀಲ ಹೊರ್ಸಾವ್ರೇನು?" ಅಂದರು. ವಿಷಯ ಹೇಳಿದೆ. ಅವರು ಕ್ಯಾಪ್ಟನ್ ಹುಡುಗಿಯ ಕಡೆ ತಿರುಗಿ, "ಬರೋವಾಗ ಮೈ ಬಿಡಬೇಕವ್ವಾ, ಹೋಗೋವಾಗ ಹಿಡೀಬೇಕು" ಅಂದರು. ಮುಂದೆ ಅಂಕಣದಲ್ಲಿ ನಾನು ಅದೇ ಮಾತನ್ನು ಕೂಗತೊಡಗಿದೆ.

ಆ ಸೋಲಿನ ನಂತರದ ಜೂನ್ ತಿಂಗಳಿಂದ ನಾವು ಮಾಡಿದ್ದನ್ನು ಹೇಳುತ್ತೇನೆ. ಎರಡನೇ ಕಂಬ ಬರಲಿಲ್ಲ. ಅದಕ್ಕೆ ಅರ್ಜಿ ಬರೆದು ಕಾಯುವ ಬದಲು ಟೇಪು ಹಿಡಿದು 28 ಮೀಟರ್ ಅಳೆದೆವು. ಸಿಮೆಂಟ್ ಮುಗಿದ ಮೇಲಿನ ನೆಲದ ಜಾಲಿ ಕಿತ್ತು, ಕಲ್ಲು ಆರಿಸಿ, ಮೊರಂ ಹಾಕಿ ಹದ ಮಾಡಿದೆವು. ಸುಣ್ಣದಲ್ಲಿ ಗೆರೆ ಎಳೆದೆವು. ಆಚೆ ಕೊನೆಗೆ ಒಂದು ಬಿದಿರು ನೆಟ್ಟು ಹಳೆಯ ಬುಟ್ಟಿ ಕಟ್ಟಿದೆವು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕ ಈ ಆಟ ಹುಟ್ಟಿಸಿದಾಗ ಕಟ್ಟಿದ್ದೂ ಹಣ್ಣಿನ ಬುಟ್ಟಿಗಳನ್ನೇ. ದಮ್ಮು ಬೆಳೆಸಲು ರಿಂಗು ಬೇಕಿಲ್ಲ, ದೂರ ಬೇಕು. ಕಂಬವಿಲ್ಲ ಎಂದು ಕೈ ಕಟ್ಟಿ ಕೂತಿರುವ ಶಿಕ್ಷಕ ಬಂಧುಗಳಿಗೆ ಇದನ್ನೇ ಒತ್ತಿ ಹೇಳಬೇಕೆಂದು ಇವತ್ತು ಬಂದಿದ್ದೇನೆ.

ಮೊದಲ ಮೂರು ವಾರ ಬರೀ ನಿಧಾನ ಓಟ. ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷದಿಂದ ಶುರು ಮಾಡಿ ಮೂವತ್ತರ ತನಕ. ಪಕ್ಕದವಳ ಜೊತೆ ಮಾತಾಡುತ್ತ ಓಡುವಷ್ಟೇ ವೇಗ. ಮಾತು ತುಂಡಾದರೆ ವೇಗ ಹೆಚ್ಚಾಯಿತು ಅಂತ ಅರ್ಥ. ಈ ನಿಧಾನ ಓಟ ಹಗೇವು ತುಂಬುವ ಕೆಲಸ. ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಹೆಚ್ಚುತ್ತದೆ, ಸ್ನಾಯುವಿನ ಸುತ್ತ ಸಣ್ಣ ರಕ್ತನಾಳಗಳ ಜಾಲ ದಟ್ಟವಾಗುತ್ತದೆ. ಹುಡುಗಿಯರಿಗೆ ಇದು ಬೇಸರ ತಂದಿತ್ತು, ಚೆಂಡು ಕೊಡಿ ಸರ್ ಅಂತ ಕಾಡುತ್ತಿದ್ದರು. ಕೊಡಲಿಲ್ಲ. ಓಡಲು ಹೆದ್ದಾರಿಗೆ ಹೋಗಬೇಡಿ, ಸಿಂಧನೂರು ಲಿಂಗಸುಗೂರು ರಸ್ತೆಯಲ್ಲಿ ಹಗಲೂ ರಾತ್ರಿ ಲಾರಿಗಳು. ಶಾಲೆಯ ಬಯಲು ಇಲ್ಲವೇ ಹೊಲದ ದಾರಿ ಒಳ್ಳೆಯದು. ಎಡದಂಡೆ ಕಾಲುವೆಯ ಏರಿಯ ಮೇಲೆ ಓಡುವವರು ದೊಡ್ಡವರೊಬ್ಬರ ಜೊತೆ ಓಡಲಿ. ಬೆವರಿದ ಮೈಯಲ್ಲಿ ಕಾಲುವೆಗೆ ಇಳಿದು ಪ್ರಾಣ ಕಳೆದುಕೊಂಡ ಮಕ್ಕಳ ಸುದ್ದಿ ನಮ್ಮ ಸೀಮೆಗೆ ಹೊಸದಲ್ಲ.

ನಾಲ್ಕನೇ ವಾರದಿಂದ ಗೆರೆ ಓಟ. ಲೈನ್ ಡ್ರಿಲ್ ಅಂತಾರೆ. ಬುಡದ ಗೆರೆಯಿಂದ ಹೊರಟು ಹತ್ತಿರದ ಫ್ರೀ ಥ್ರೋ ಗೆರೆ ಮುಟ್ಟಿ ವಾಪಸ್, ನಡುಗೆರೆ ಮುಟ್ಟಿ ವಾಪಸ್, ಆಚೆಯ ಫ್ರೀ ಥ್ರೋ ಗೆರೆ ಮುಟ್ಟಿ ವಾಪಸ್, ಕೊನೆಗೆ ಆಚೆಯ ಬುಡದ ಗೆರೆ ಮುಟ್ಟಿ ವಾಪಸ್. ಲೆಕ್ಕ ಹಾಕಿದರೆ ಸರಿಯಾಗಿ 140 ಮೀಟರ್, ಏಳು ಸಲ ತಿರುಗುವುದು. ಒಂದು ಓಟ, ಆಮೇಲೆ ಒಂದೂವರೆ ನಿಮಿಷ ಹಮಾಲನ ನಡಿಗೆ. ಮೊದಲ ದಿನ ನಾಲ್ಕು ಸಲ, ವಾರಕ್ಕೊಂದು ಹೆಚ್ಚಿಸುತ್ತ ಎಂಟಕ್ಕೆ ನಿಲ್ಲಿಸಿದೆ. ವಾರಕ್ಕೆ ಎರಡೇ ದಿನ, ನಡುವೆ ಒಂದೆರಡು ದಿನದ ಅಂತರ. ದಿನಾ ಓಡಿಸಿದರೆ ಬಲ ಬರುವುದಿಲ್ಲ, ಮೊಣಕಾಲು ಮುಂಗಾಲು ನೋವು ಬರುತ್ತದೆ. ಪ್ರತಿ ಓಟ ಮುಗಿದ ಕೂಡಲೇ ತೇಕುತ್ತಲೇ ಎರಡು ಫ್ರೀ ಥ್ರೋ. ದಣಿದ ಕೈ ಎಸೆಯುವುದನ್ನು ದಣಿದಾಗಲೇ ಕಲಿಯಬೇಕು.

ಪ್ರತಿಯೊಬ್ಬಳೂ ಒಂದು ನೋಟ್‌ಬುಕ್ ಇಟ್ಟಳು. ಓಟ ಮುಗಿದ ಕೂಡಲೇ ಕುತ್ತಿಗೆಯ ನಾಡಿ ಹಿಡಿದು ಹತ್ತು ಸೆಕೆಂಡ್ ಎಣಿಸಿ ಆರರಿಂದ ಗುಣಿಸುವುದು, ಒಂದು ನಿಮಿಷ ಬಿಟ್ಟು ಮತ್ತೆ ಎಣಿಸುವುದು. ಒಂದು ನಿಮಿಷದಲ್ಲಿ ನಾಡಿ ಎಷ್ಟು ಇಳಿಯಿತೋ ಅಷ್ಟು ಸುಧಾರಣೆ. ಹಾಜರಿ, ಅಂಕಪಟ್ಟಿಗಿಂತ ಹೆಚ್ಚು ಆಸ್ಥೆಯಿಂದ ಆ ನೋಟ್‌ಬುಕ್‌ಗಳು ತುಂಬಿದವು. ಗಣಿತಕ್ಕೆ ಹೆದರುತ್ತಿದ್ದ ಒಬ್ಬಳು ತನ್ನ ಎಂಟು ವಾರದ ಇಳಿಕೆಯನ್ನು ಗ್ರಾಫ್ ಹಾಳೆಯ ಮೇಲೆ ಬಿಡಿಸಿ ತಂದಳು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ವರ್ಷಗಟ್ಟಲೆ ನಾನು, ಮೊಣಕಾಲಿನ ಮೇಲೆ ಕೈ ಊರಿ ಬಾಗಿ ನಿಂತ ಮಕ್ಕಳನ್ನು ಗದರಿಸಿ ನೆಟ್ಟಗೆ ನಿಲ್ಲಿಸುತ್ತಿದ್ದೆ. ಬಾಗಿದರೆ ಸೋತ ಹಾಗೆ ಕಾಣುತ್ತದೆ ಎಂಬ ಭಾವನೆ. 2019ರಲ್ಲಿ ಅಮೆರಿಕದ ಕಾಲೇಜೊಂದರ ಫುಟ್‌ಬಾಲ್ ಹುಡುಗಿಯರ ಮೇಲೆ ನಡೆದ ಅಧ್ಯಯನದ ಪ್ರಕಾರ, ತಲೆಯ ಮೇಲೆ ಕೈ ಇಟ್ಟು ನಿಂತವರಿಗಿಂತ ಮೊಣಕಾಲಿಗೆ ಕೈ ಊರಿ ಬಾಗಿದವರ ನಾಡಿ ಬೇಗ ಇಳಿಯಿತು. ಬಾಗಿದಾಗ ಎದೆಯ ಕೆಳಗಿನ ವಪೆಗೆ ಕೆಲಸ ಹಗುರ. ಮೈ ತಾನಾಗಿ ಹುಡುಕಿಕೊಂಡ ದಾರಿಯನ್ನು ನಾನು ತಡೆಯುತ್ತಿದ್ದೆ.

ಇನ್ನು ಬಿಸಿಲು. ಹಿಮ ಬೀಳುವ ಊರಿನಲ್ಲಿ, ನಾಲ್ಕು ಗೋಡೆಯ ಒಳಗೆ, ಚಳಿಗಾಲದಲ್ಲಿ ಯುವಕರನ್ನು ಕುಣಿಸಲು ಹುಟ್ಟಿದ ಆಟವನ್ನು ನಾವು ರಾಯಚೂರು ಜಿಲ್ಲೆಯಲ್ಲಿ ಕಾದ ಸಿಮೆಂಟಿನ ಮೇಲೆ ಆಡುತ್ತೇವೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಬಿಸಿಲಿನಲ್ಲಿ ರಕ್ತ ಎರಡು ಕಡೆ ಹಂಚಿಹೋಗುತ್ತದೆ. ಸ್ನಾಯುವಿಗೂ ಬೇಕು, ಮೈ ತಂಪು ಮಾಡಲು ಚರ್ಮಕ್ಕೂ ಬೇಕು. ಅದಕ್ಕೇ ಚಳಿಗಾಲದಲ್ಲಿ ಹತ್ತು ಸಲ ಓಡಿದವಳಿಗೆ ಬೇಸಿಗೆಯಲ್ಲಿ ಆರಕ್ಕೇ ದಮ್ಮು ಹತ್ತುತ್ತದೆ. ಬೆಳಿಗ್ಗೆ ಆರರಿಂದ ಏಳೂವರೆ, ಸಂಜೆ ಬಿಸಿಲಿಳಿದ ಮೇಲೆ, ಇವೆರಡೇ ಹೊತ್ತು. ಬಿಸಿಲಿಗೆ ಮೈ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು, ಅಷ್ಟು ದಿನ ಅರ್ಧ ಕೆಲಸ ಸಾಕು. ನೀರು ಕುಡಿದರೆ ಪಕ್ಕೆ ಹಿಡಿಯುತ್ತದೆ ಎಂದು ನೀರು ಬಿಡಿಸುವ ಪದ್ಧತಿ ಇನ್ನೂ ಇದೆ. ಅದನ್ನು ದಯವಿಟ್ಟು ಬಿಡಿ. ಒಮ್ಮೆಗೇ ಹೊಟ್ಟೆ ತುಂಬ ಕುಡಿಯಬಾರದು, ಅಷ್ಟೇ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು. ಆಟ ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ತುಂಬ ಬೆವರಿದ ದಿನ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಮಗು ಬಿಸಿಲಲ್ಲಿ ಆಡುತ್ತ ತೊದಲಿದರೆ, ತಬ್ಬಿಬ್ಬಾದರೆ, ತೂರಾಡಿದರೆ ಕೂಡಲೇ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿಯಿರಿ, ಗಾಳಿ ಹಾಕಿ, ಆಸ್ಪತ್ರೆಗೆ ಸಾಗಿಸಿ. ಓಡುವಾಗ ಎದೆ ನೋಯುವ, ತಲೆ ತಿರುಗಿ ಬೀಳುವ ಮಗುವನ್ನು ವೈದ್ಯರು ನೋಡುವ ತನಕ ಅಂಕಣಕ್ಕೆ ಇಳಿಸಬೇಡಿ.

ಇಷ್ಟೆಲ್ಲ ಮಾಡಿದರೂ ನಮ್ಮ ತಂಡದ ಇಬ್ಬರ ನಾಡಿ ಇಳಿಯಲೇ ಇಲ್ಲ. ಎಂಟು ವಾರವಾದರೂ ಅವರ ನೋಟ್‌ಬುಕ್ಕಿನಲ್ಲಿ ಅದೇ ಅಂಕಿ. ಸೋಮಾರಿತನ ಅಂದುಕೊಂಡು ಒಮ್ಮೆ ಒಬ್ಬಳ ಮೇಲೆ ರೇಗಿದೆ. ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ತೋರಿಸಿದೆವು. ಇಬ್ಬರಿಗೂ ರಕ್ತಹೀನತೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಉಸಿರಿನಲ್ಲಿ ಬಂದ ಆಮ್ಲಜನಕವನ್ನು ಸ್ನಾಯುವಿಗೆ ಹೊತ್ತೊಯ್ಯುವುದು ರಕ್ತದ ಹಿಮೋಗ್ಲೋಬಿನ್. ಹಮಾಲರೇ ಇಲ್ಲದ ಗಿರಣಿಯಲ್ಲಿ ಚೀಲ ಹೇಗೆ ಲಾರಿ ಹತ್ತೀತು? 2019ರಿಂದ 2021ರ ನಡುವೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಇದು ಆಟದ ಪ್ರಶ್ನೆ ಮಾತ್ರವಲ್ಲ, ಗೊತ್ತು. ಆದರೆ ನನಗೆ ಅದು ಕಣ್ಣಿಗೆ ಬಿದ್ದದ್ದು ಗೆರೆ ಓಟದಲ್ಲಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಹುಡುಗಿಯರು ಕಿಟಕಿಯಿಂದ ಎಸೆಯುತ್ತಿದ್ದರು. ನನ್ನ ಎದುರಿಗೇ ನುಂಗಿಸತೊಡಗಿದೆ. ಆ ಇಬ್ಬರಿಗೆ ವೈದ್ಯರು ಬೇರೆ ಔಷಧ ಕೊಟ್ಟರು.

ಊಟದ ವಿಷಯಕ್ಕೆ ಪೇಟೆಯ ಪುಡಿ ಡಬ್ಬಗಳ ಹಂಗು ನಮಗೆ ಬೇಕಿಲ್ಲ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಹೆಸರುಕಾಳು, ಶೇಂಗಾ ಹಿಂಡಿ, ಅಗಸಿ ಹಿಂಡಿ ಇವೆಲ್ಲ ನಮ್ಮ ಮನೆಯಲ್ಲೇ ಇವೆ. ಕಾಳು ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ಹುಳಿ ಬೇಕು. ಊಟಕ್ಕೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಲಿ. ಊಟದ ಜೊತೆ ಚಹಾ ಕುಡಿದರೆ ಆ ಅಂಶ ಸರಿಯಾಗಿ ಹತ್ತುವುದಿಲ್ಲ, ಒಂದು ತಾಸು ಬಿಟ್ಟು ಕುಡಿಯಲಿ. 2021ರ ಡಿಸೆಂಬರಿನಲ್ಲಿ ನಮ್ಮ ರಾಯಚೂರು ಸೇರಿದಂತೆ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊದಲು ಶುರುವಾದ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು, ಈ ಮಕ್ಕಳ ಪಾಲಿಗೆ ದೊಡ್ಡ ಆಸರೆ. ಬೆಳಗಿನ ಓಟಕ್ಕೆ ಬರೀ ಹೊಟ್ಟೆಯಲ್ಲಿ ಬರಬಾರದು, ಒಂದು ಬಾಳೆಹಣ್ಣು ಸಾಕು. ನಿದ್ದೆ ಎಂಟು ತಾಸಿಗಿಂತ ಕಡಿಮೆ ಆಗಬಾರದು. ಮಿಕ್ಕದ್ದನ್ನು ಮನೆಯವರು ನನಗಿಂತ ಚೆನ್ನಾಗಿ ಬಲ್ಲರು.

ತಿಂಗಳಿಗೊಮ್ಮೆ ಭಾನುವಾರ ಮಸ್ಕಿಯ ಬೆಟ್ಟ. ಮೇಲೆ ಮಲ್ಲಿಕಾರ್ಜುನನ ಗುಡಿ. ಮೆಟ್ಟಿಲು ಹತ್ತುವಾಗ ಚುರುಕು, ಇಳಿಯುವಾಗ ಮೆಲ್ಲಗೆ. ಇಳಿಯುವಾಗಲೇ ಮೊಣಕಾಲಿಗೆ ಪೆಟ್ಟು ಹೆಚ್ಚು. ಬೆಟ್ಟ ಇಳಿದ ಮೇಲೆ ಅಶೋಕನ ಶಾಸನದ ಬಂಡೆಯ ಹತ್ತಿರ ಕೂತು ಮಂಡಕ್ಕಿ ತಿನ್ನುತ್ತಿದ್ದೆವು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಕಂಡ ಬಂಡೆ ಅದು. ದೇವಾನಾಂಪ್ರಿಯ ಎಂಬ ಬಿರುದಿನ ದೊರೆ ಅಶೋಕನೇ ಎಂದು ಲೋಕಕ್ಕೆ ಖಾತ್ರಿಯಾದದ್ದು ನಮ್ಮ ಮಸ್ಕಿಯ ಆ ಕಲ್ಲಿನಿಂದ. ಧರ್ಮದಲ್ಲಿ ನಿಂತರೆ ಸಣ್ಣವನೂ ಆ ಎತ್ತರ ಮುಟ್ಟಬಲ್ಲ, ದೊಡ್ಡವರಿಗೆ ಮಾತ್ರ ಸಾಧ್ಯ ಎಂದು ತಿಳಿಯಬಾರದು, ಅನ್ನುವ ಅರ್ಥದ ಮಾತು ಅದರಲ್ಲಿದೆ. ಅದು ಆಟಕ್ಕೆ ಹೇಳಿದ್ದಲ್ಲ. ಆದರೂ ತಂಡದಲ್ಲಿ ಎಲ್ಲರಿಗಿಂತ ಗಿಡ್ಡವಳು ಅದನ್ನು ಎರಡು ಸಲ ಹೇಳಿಸಿಕೊಂಡಳು.

ಇನ್ನೊಂದು ಮಾತು ತರಬೇತುದಾರರಿಗೆ. ತಂಡದಲ್ಲಿ ಹನ್ನೆರಡು ಮಂದಿ ಇರಬಹುದು, ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ನಾವು ಮಾಡುವುದೇನು? ಚೆನ್ನಾಗಿ ಆಡುವ ಐವರನ್ನೇ ಕೊನೆಯ ತನಕ ದುಡಿಸುತ್ತೇವೆ, ಮಿಕ್ಕವರು ಬ್ಯಾಗು ಕಾಯುತ್ತಾರೆ. ಇದು ಆ ಐವರಿಗೂ ಅನ್ಯಾಯ, ಕೂತವರಿಗೂ ಅನ್ಯಾಯ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ ಮಹಿಳಾ ಬಿ ಡಿವಿಷನ್ ಫೈನಲ್ ನಡೆಯಿತು. ಕಜಕಸ್ತಾನದ ಎದುರು ಭಾರತ 75–73ರಿಂದ ಗೆದ್ದಿತು. ನಮ್ಮ ಕರ್ನಾಟಕದ ಪಿ.ಯು. ನವನೀತಾ ಆ ತಂಡದಲ್ಲಿದ್ದರು. ಎರಡೇ ಪಾಯಿಂಟಿನ ಅಂತರ. ಅಂಥ ಪಂದ್ಯದ ಕೊನೆಯ ನಿಮಿಷದಲ್ಲಿ ಕಾಲು ಉಳಿದಿರಬೇಕಾದರೆ ಮೊದಲ ಮೂವತ್ತು ನಿಮಿಷದಲ್ಲಿ ಅದನ್ನು ಉಳಿಸಿಕೊಟ್ಟವರು ಬೇಕು. ನಮ್ಮ ಆ ಸೋಲಿನ ಮುಂದಿನ ವರ್ಷ ನಾನು ಒಂಬತ್ತು ಹುಡುಗಿಯರನ್ನು ಆಡಿಸಿದೆ. ನಾಲ್ಕೈದು ನಿಮಿಷಕ್ಕೊಮ್ಮೆ ಒಬ್ಬಿಬ್ಬರನ್ನು ಹೊರಗೆ ಕರೆದು ನೀರು ಕೊಟ್ಟು ಮತ್ತೆ ಕಳಿಸಿದೆ.

ಆ ವರ್ಷ ಜಿಲ್ಲೆ ಗೆದ್ದು ಮತ್ತೆ ಕಲಬುರಗಿಗೆ ಹೋದೆವು. ಮೊದಲ ಪಂದ್ಯ ಗೆದ್ದೆವು, ಎರಡನೆಯದನ್ನು ಮೂರು ಪಾಯಿಂಟಿನಿಂದ ಸೋತೆವು. ನಾಲ್ಕನೇ ಕ್ವಾರ್ಟರಿನ ಕೊನೆಯ ನಿಮಿಷದಲ್ಲಿ ಎದುರಿನವರು ಚೆಂಡು ಕಸಿದು ಓಡಿದಾಗ ನಮ್ಮ ಐವರೂ ನಡುಗೆರೆ ದಾಟಿ ಹಿಂದೆ ಬಂದಿದ್ದರು. ರಕ್ತಹೀನತೆ ಇದ್ದ ಇಬ್ಬರಲ್ಲಿ ಒಬ್ಬಳು ಎಲ್ಲರಿಗಿಂತ ಮುಂದಿದ್ದಳು. ಆ ಚೆಂಡು ರಿಂಗಿಗೆ ಬೀಳಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಮಲಗಲಿಲ್ಲ. ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಹದಿನೈದು ನಿಮಿಷ ನಿಲ್ಲುತ್ತದೆ ಅಂದರು ಕಂಡಕ್ಟರ್. ಹುಡುಗಿಯರು ಇಳಿದು ಮಿರ್ಚಿ ತರಲು ಹೋದರು. ನಾನು ಚಹಾ ಹಿಡಿದು ನಿಂತಿದ್ದೆ. ಗಿಡ್ಡ ಹುಡುಗಿ ಮಾತ್ರ ಮಿರ್ಚಿ ಕಡೆ ಹೋಗದೆ ನಿಲ್ದಾಣದ ಖಾಲಿ ಅಂಗಳದಲ್ಲಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೆಜ್ಜೆ ಎಣಿಸುತ್ತ ನಡೆಯುತ್ತಿದ್ದಳು. ಆಚೆ ಗೋಡೆ ಮುಟ್ಟಿ, ಅಲ್ಲಿಂದಲೇ ಕೂಗಿದಳು: "ಸರ್, ಇಲ್ಲಿ ಇಪ್ಪತ್ತೆಂಟು ಮೀಟರ್ ಆರಾಮ ಆಗ್ತದ್ರಿ!"